ಬಾಚಲೆಯ ಹೆರಿಗೆ

ಎಷ್ಟು ಓದಿದರೂ ಬಾಚಲೆ ಹೆರಲಿಲ್ಲ.

ಜಯಶ್ರೀ ಮತ್ತೊಂದು ಪುಟ ತಿರುವಿದಳು. ಇಲ್ಲಾದರೂ ಕೂಸು ಅತ್ತೀತು ಅಂದುಕೊಂಡರೆ, ಕಾದಂಬರಿಕಾರ ಮಹಾಶಯ ಕೋಟೆಯ ಕೆಳಗೆ ಬೀಡುಬಿಟ್ಟ ಶತ್ರುಗಳ ಆನೆಗಳನ್ನು ವರ್ಣಿಸಲು ಕೂತಿದ್ದ. ಆನೆ ಮುಗಿದ ಮೇಲೆ ಕುದುರೆ. ಕುದುರೆ ಮುಗಿದ ಮೇಲೆ ಅದರ ಜೀನು, ಜೀನಿನ ಮೇಲಿನ ಕಸೂತಿ. ಮೇಲೆ ಕೋಟೆಯಲ್ಲಿ ಒಬ್ಬ ಹೆಣ್ಣುಮಗಳು ಕಂಬ ಹಿಡಿದು ಬೇನೆ ತಿನ್ನುತ್ತಿದ್ದಾಳೆ, ಈ ಪುಣ್ಯಾತ್ಮನಿಗೆ ಕಸೂತಿಯ ಚಿಂತೆ!

ಪಡಸಾಲೆಯ ತುಂಬ ಮಂದಿ. ವಿದ್ಯಾಗಿರಿಯ ಆ ಓಣಿಯ ಹೆಂಗಸರೆಲ್ಲ ಒಳ್ಳೊಳ್ಳೆಯ ಸೀರೆ ಉಟ್ಟು ಬಂದಿದ್ದರು. ತೂಗುಮಂಚ ಬಿಚ್ಚಿ ಅದೇ ಕೊಂಡಿಗೆ ಕಟ್ಟಿಗೆಯ ತೊಟ್ಟಿಲು ಕಟ್ಟಿದ್ದರು. ಅದಕ್ಕೆ ಚೆಂಡುಹೂವಿನ ಸರ, ಒಳಗೆ ಮಡಚಿ ಹಾಸಿದ ಇಳಕಲ್ ಸೀರೆ. ಅಡುಗೆಮನೆಯಿಂದ ಗುಗ್ಗರಿ ಬೆಂದ ವಾಸನೆ ಬರುತ್ತಿತ್ತು. ಎಲ್ಲ ತಯಾರಿತ್ತು, ಕೂಸೊಂದು ಬಿಟ್ಟು. ಬಾಗಿಲ ಪಕ್ಕದ ಗೋಡೆಗೆ ಆತು ಕೂತಿದ್ದ ಜಯಶ್ರೀಯ ಅತ್ತೆ ಮರೆವ್ವ ಮಾತ್ರ ತೊಟ್ಟಿಲ ಕಡೆ ನೋಡದೆ ಸೊಸೆಯ ಮುಖವನ್ನೇ ನೋಡುತ್ತಿದ್ದಳು.

ಕಾದಂಬರಿಯ ಕೂಸಿಗೆ ತೊಟ್ಟಿಲು ಕಟ್ಟುವ ಹುಚ್ಚು ಬೇರೆಲ್ಲಿ ಹುಟ್ಟೀತು? ತಪ್ಪು ಈ ಮನೆಯ ವಿಮಲಾಬಾಯಿಯದು, ಅಥವಾ ಅವಳು ಸಣ್ಣಾಕೆ ಇದ್ದಾಗಿನಿಂದ ಕೇಳಿದ ಪುರಾಣಗಳದು. ಪುರಾಣ ಹಚ್ಚಿದಾಗ ದೇವರ ಲಗ್ನದ ಅಧ್ಯಾಯ ಬಂದರೆ ಕೇಳುವವರು ಅಕ್ಷತೆ ಹಾಕಬೇಕು, ದೇವರು ಹುಟ್ಟಿದ ದಿನ ತೊಟ್ಟಿಲು ತೂಗಿ ಹೆಸರಿಟ್ಟು ಗುಗ್ಗರಿ ಹಂಚಬೇಕು. ಅದು ಈ ಸೀಮೆಯ ಪದ್ಧತಿ. ಕಾದಂಬರಿಗೆ ಆ ಪದ್ಧತಿ ಇಲ್ಲ ಅಂತ ವಿಮಲಾಬಾಯಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳು ಕೇಳುತ್ತಿರಲಿಲ್ಲ ಬಿಡಿ.

ಅವಳ ಯಜಮಾನರಾದ ಪಂಢರೀನಾಥ ರಾಯರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ, ಎಂದೋ ಕೊಂಡು ಓದದೆ ಇಟ್ಟಿದ್ದ ಒಂದು ಐತಿಹಾಸಿಕ ಕಾದಂಬರಿಯನ್ನು ಕಪಾಟಿನಿಂದ ಇಳಿಸಿದ್ದರು. ಕಲ್ಯಾಣದ ಚಾಲುಕ್ಯರ ಕಾಲದ ಕಥೆ. ಮಲಪ್ರಭೆಯ ದಂಡೆಯಲ್ಲಿ ಒಂದು ಬಂಡೆಗೋಟೆ, ಅದರ ನಾಯಕ ಮಾಚರಸ, ಅವನ ಹೆಂಡತಿ ಬಾಚಲೆ. ಸಾವಿರಕ್ಕೂ ಮಿಕ್ಕಿ ಪುಟ. ಅದನ್ನು ಓದಲು ರಾಯರ ಮನೆಯಲ್ಲಿ ಸೇರತೊಡಗಿದ ಗೆಳೆಯರ ಗುಂಪು ಅದಕ್ಕೆ ಇಟ್ಟ ಹೆಸರು 'ದಿಂಬು'. ಬೇರೆ ಪ್ರತಿ ಎಲ್ಲಿಯೂ ಸಿಗದ್ದರಿಂದ ರವಿವಾರ ಮಧ್ಯಾಹ್ನ ಎಲ್ಲರೂ ಕೂಡುವುದು, ಒಬ್ಬರು ಓದುವುದು, ಉಳಿದವರು ಕೇಳುವುದು. ಮುಂದಿನ ಪುಟ ಯಾರೂ ಇಣುಕಿ ನೋಡುವಂತಿಲ್ಲ. ನೋಡಿದವರು ಎಲ್ಲರಿಗೂ ಗಿರಮಿಟ್ಟು, ಮಿರ್ಚಿ ಭಜಿ ಮಾಡಿ ತಿನ್ನಿಸಬೇಕು. ವಾರವಿಡೀ ದಿಂಬು ಕಪಾಟಿನಲ್ಲಿ, ಕಪಾಟಿನ ಕೀಲಿಕೈ ರಾಯರ ಜನಿವಾರದಲ್ಲಿ.

ಬಾಚಲೆಯ ಲಗ್ನದ ದಿನ ವಿಮಲಾಬಾಯಿ ತಡೆಯಲಾರದೆ ಅಕ್ಷತೆ ತಂದು ದಿಂಬಿನ ಮೇಲೆ ಹಾಕಿದ್ದಳು. ಹೈಸ್ಕೂಲಿನ ಡ್ರಿಲ್ ಮಾಸ್ತರ ಅಫ್ಸರ ಸರ್, ಕಥೆಯಲ್ಲಿ ಯುದ್ಧ ಬಂದಾಗೆಲ್ಲ ಓದುವವರು ಅವರೇ, ಮರುವಾರ ಬೀಗರ ಠೀವಿಯಲ್ಲಿ ಪೇಢೆ ಹಿಡಿದುಕೊಂಡು ಬಂದಿದ್ದರು. ಹೋದ ರವಿವಾರದ ಓದು "ಬಾಚಲೆ ಕಂಬ ಹಿಡಿದು ಕುಸಿದಳು" ಎಂಬಲ್ಲಿಗೆ ನಿಂತಾಗ ವಿಮಲಾಬಾಯಿ ಎದ್ದೇ ನಿಂತಳು. "ಬರೋ ರವಿವಾರ ಹಡೀತಾಳ ನೋಡ್ರಿ. ತೊಟ್ಟಲಾ ಕಟ್ಟೋಣು!" ಸಂಜೆಯೊಳಗೆ ಓಣಿಗೆಲ್ಲ ಕರೆ ಹೋಯಿತು. ಮುಂದೆ ಏನಿದೆ ಎಂದು ನಾಲ್ಕು ಪುಟ ತೆಗೆದು ನೋಡಿದ್ದರೆ ಸಾಕಿತ್ತು. ಆದರೆ ನಿಯಮವೆಂದರೆ ನಿಯಮ. ಹೆಂಗಸಿನ ಅಧ್ಯಾಯ ಹೆಂಗಸೇ ಓದಬೇಕು ಎಂದು ಜಯಶ್ರೀಯ ಹೆಸರು ಹೇಳಿದವಳೂ ವಿಮಲಾಬಾಯಿಯೇ. ಇಲ್ಲಿಯ ತನಕ ಬರೇ ಕೇಳಿದ್ದ ಜಯಶ್ರೀಗೆ ಇದು ಮೊದಲ ಓದು.

ಅದೇ ದಿನ ಮರೆವ್ವನೂ ಬರಬೇಕೆ!

ಬೆಳಿಗ್ಗೆ ರೊಟ್ಟಿ ಬಡಿಯುವಾಗಲೇ ಅತ್ತೆ ಹೇಳಿಬಿಟ್ಟಿದ್ದಳು. "ಇವತ್ತ ನಾನೂ ಬರ್ತೇನಿ. ಓದೂದು ಅಂತಿ, ಕೇಳೂದು ಅಂತಿ. ದೊಡ್ಡ ಮಂದಿ ಮನಿ. ಓದಾಕ ಕರೀತಾರೋ, ಕಪ್ಪುಬಸಿ ತೊಳ್ಯಾಕ ಕರೀತಾರೋ, ನಾನs ಕಣ್ಣಲೆ ನೋಡ್ತೇನಿ. ನನಗ ಸರಿ ಕಾಣಲಿಲ್ಲಂದ್ರ ಇದs ಕಡೀ ಐತಾರ, ತಿಳೀತಿಲ್ಲ?"

"ಅವ್ವ ಹೇಳೂದು ಖರೆ ಐತಿ," ಎಂದಿದ್ದ ಗಂಡ ದೀಪಕ, ಮೊಬೈಲಿನಿಂದ ತಲೆ ಎತ್ತದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅವನಿಗೆ ರವಿವಾರ ಊಟ ಬಿಸಿಯಿದ್ದರೆ ಆಯಿತು.

ಜಯಶ್ರೀ ರೊಟ್ಟಿಯನ್ನು ಇನ್ನಷ್ಟು ಜೋರಾಗಿ ಬಡಿದಿದ್ದಳು. ವಾರವೆಲ್ಲ ಸರ್ಕಾರಿ ಕಚೇರಿಯಲ್ಲಿ ಮಂದಿಯ ಅರ್ಜಿಗೆ ಠಸ್ಸೆ ಒತ್ತುವುದು, ಮನೆಗೆ ಬಂದರೆ ಒಲೆ. ರವಿವಾರದ ಆ ಎರಡು ತಾಸು ಮಾತ್ರ ಅವಳು ಕೋಟೆಯ ಮೇಲೆ ಇರುತ್ತಿದ್ದಳು, ಕಾವಲಿನವರ ದೊಂದಿ ಕಾಣುತ್ತಿತ್ತು, ಬಾಚಲೆ ನಕ್ಕರೆ ಇವಳಿಗೆ ನಗು ಬರುತ್ತಿತ್ತು. ಅದನ್ನು ಯಾರಾದರೂ ಕಸಿದುಕೊಂಡರೆ ತಾನು ಬದುಕಿದ್ದೂ ಇಲ್ಲದ ಹಾಗೆ ಎಂದು ಅವಳಿಗೆ ಖಂಡಿತ ಅನಿಸಿತ್ತು. ಅತ್ತೆಯ ಎದುರು ಇದನ್ನು ಯಾವ ಬಾಯಿಂದ ಹೇಳುವುದು?

ಮಧ್ಯಾಹ್ನ ಅತ್ತೆ ಸೊಸೆ ಇಲ್ಲಿಗೆ ಬಂದ ಕೂಡಲೆ ರಾಯರೇ ಚಹಾ ತಂದು ಮರೆವ್ವನಿಗೆ ಮೊದಲು ಕೊಟ್ಟಿದ್ದರು, ಕಪ್ಪುಗಳನ್ನೂ ತಾವೇ ಎತ್ತಿಕೊಂಡು ಒಳಗೆ ಹೋಗಿದ್ದರು. ಮರೆವ್ವ ಅದನ್ನು ನೋಡಿದಳು. ಒಪ್ಪಿದಳೋ ಬಿಟ್ಟಳೋ ಆ ಮುಖದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ.

ಆನೆ ಕುದುರೆಗಳ ವರ್ಣನೆ ಅಂತೂ ಮುಗಿಯಿತು. ಕಥೆ ಮತ್ತೆ ಕೋಟೆಗೆ ಬಂತು. ಕೂಸು ಅಡ್ಡ ತಿರುಗಿದೆ, ಸೂಲಗಿತ್ತಿ ಇರುವುದು ಕೆಳಗಿನ ಹಳ್ಳಿಯಲ್ಲಿ, ಕೋಟೆಯ ಬಾಗಿಲಿಗೆ ಶತ್ರುಗಳ ಕಾವಲು. ಆಗ ಬೀರ ಎಂಬ ಹರೆಯದ ಕಾವಲುಗಾರ ಹಿಂಬದಿಯ ಬಂಡೆಯಿಂದ ಹಗ್ಗ ಬಿಟ್ಟು ಕತ್ತಲಲ್ಲಿ ಇಳಿದ. ಹಳ್ಳಿಗೆ ಹೋದ. ಮುದುಕಿಯನ್ನು ಎಬ್ಬಿಸಿದ. ಅವಳನ್ನು ಬೆನ್ನಿಗೆ ಕಟ್ಟಿಕೊಂಡು ಅದೇ ಹಗ್ಗ ಹಿಡಿದು ಹತ್ತತೊಡಗಿದ.

ಆದರೆ ಓದಿನ ರುಚಿ ಹತ್ತದ ಮಂದಿ ಎಷ್ಟು ಹೊತ್ತು ಕೂತಾರು? ಯಾರದೋ ಫೋನು ರಿಂಗಾಯಿತು. ಹುಡುಗರು ಗುಗ್ಗರಿ ಯಾವಾಗ ಎಂದು ರಾಗ ಎಳೆದರು. ಕಿಟಕಿಯ ಬಳಿಯ ಹೆಂಗಸರಿಬ್ಬರು, "ಕೂಸು ಹುಟ್ಟಿದ ಮ್ಯಾಲೆ ಹೇಳಿ ಕಳಸ್ರಿ ವೈನೀ," ಎಂದು ಎದ್ದೇ ಬಿಟ್ಟರು. ಅವರ ಹಿಂದೆ ಮತ್ತಷ್ಟು ಜನ. ಕರೆದವರ ಮಾನ ಹೋಗುತ್ತದೆಂದು ರಾಯರು ಗಾಬರಿಯಿಂದ ಗೇಟಿನವರೆಗೆ ಅವರ ಬೆನ್ನು ಹತ್ತಿದರು.

ವಿಮಲಾಬಾಯಿ ಜಯಶ್ರೀಯ ಕಿವಿಯ ಹತ್ತಿರ ಬಗ್ಗಿದಳು. "ನಮ್ಮ ಮನಿಯವರು ಹೊರಗ ಹೋಗ್ಯಾರ. ನಾಕ ಪುಟ ಹಾರಿಸಿಬಿಡವಾ. ಯಾರಿಗೇನು ತಿಳೀತದ? ಹೆಂಗರೆ ಮಾಡಿ ಹಡಸು ಆಕೀನ್ನ!"

ಜಯಶ್ರೀ ಅತ್ತೆಯ ಕಡೆ ನೋಡಿದಳು. ಮರೆವ್ವ ಕಣ್ಣು ಮುಚ್ಚಿ ಕೂತಿದ್ದಳು. ಮುಗೀತು, ನಿದ್ದೆ ಹೋಗಿಬಿಟ್ಟಳು. ಎದ್ದ ಮೇಲೆ ಏನು ಹೇಳುತ್ತಾಳೆ ಎಂದು ಬೇರೆ ಕೇಳಬೇಕೆ! ಒಂದು ಕೂಸು ಹುಟ್ಟಿ, ಹಾಡಾಗಿ, ಗುಗ್ಗರಿ ಹಂಚಿ ನಾಲ್ಕು ಮಂದಿ ನಕ್ಕರಾದರೂ ಅತ್ತೆಗೆ ಚಲೋ ಅನಿಸೀತು. ಜಯಶ್ರೀ ಹೆಬ್ಬೆರಳಿಗೆ ಸಿಕ್ಕಷ್ಟು ಪುಟಗಳನ್ನು ಹಿಡಿದು ಒಮ್ಮೆಲೇ ತಿರುವಿದಳು. 'ಸೂಲಗಿತ್ತಿ' ಎಂಬ ಮಾತು ಕಣ್ಣಿಗೆ ಬಿತ್ತು, ಅಲ್ಲಿಂದಲೇ ಹಿಡಿದಳು.

"ಸೂಲಗಿತ್ತಿ ಒಳಗೆ ಬಂದು ಬಾಚಲೆಯ ನೆತ್ತಿಯ ಮೇಲೆ ಕೈ ಇಟ್ಟಳು..."

"ತಡಿ."

ಮರೆವ್ವ ಕಣ್ಣು ತೆರೆದಿದ್ದಳು.

"ಮುದುಕಿ ಒಳಗ ಹೆಂಗ ಬಂದ್ಲು?"

ಪಡಸಾಲೆಯಲ್ಲಿ ಉಳಿದವರೆಲ್ಲ ಅವಳತ್ತ ತಿರುಗಿದರು.

"ಈಗಿನ್ನ ನಡು ಹಗ್ಗದ ಮ್ಯಾಗ ಇದ್ಲಲ್ಲ, ಆ ಹುಡುಗನ ಬೆನ್ನ ಮ್ಯಾಗ? ಹಗ್ಗಾ ಬಂಡೆಗಲ್ಲಿಗೆ ತಿಕ್ಕಿ ಒಂದೊಂದs ಎಳಿ ಹರ್ಯಾಕತ್ತಿತ್ತು ಅಂದಿ. ಕೆಳಗ ಕಾವಲಿನಾಂವ ದೊಂದಿ ಹಿಡಕೊಂಡು ಬರಾಕತ್ತಾನ ಅಂದಿ. ಆ ಹುಡುಗ ಏನಾದ? ಅವನ್ನ ಅಲ್ಲೇ ಜೋತಾಡಾಕ ಬಿಟ್ಟು ನೀ ಎಲ್ಲಿಗೆ ಜಿಗದಿ?"

ಅಫ್ಸರ ಸರ್ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ವಿಮಲಾಬಾಯಿ ತೊಟ್ಟಿಲ ಹೂವು ಸರಿಮಾಡುವವಳಂತೆ ಆ ಕಡೆ ಮುಖ ತಿರುಗಿಸಿದಳು. ಜಯಶ್ರೀಯ ಕಿವಿ ಬಿಸಿಯಾದವು.

"ಮಂದಿಗೆ ಹೊತ್ತಾಗಾಕತ್ತೇತಿ ಅತ್ತಿ, ಅದಕ್ಕ..."

"ಹೋಗೂ ಮಂದಿ ಹೋಗ್ಲಿ. ಬ್ಯಾನಿ ತಿನ್ನಾಕೀನ್ನ ನಡುವ ಬಿಟ್ಟು ಹೋಗ್ತಾರಂದ್ರ ಅವರೆಂಥಾ ಮಂದಿ?" ಮರೆವ್ವ ಕೂತಲ್ಲಿಂದ ಸರಿಸರಿದು ಓದುವವಳ ಎದುರಿಗೇ ಬಂದು ಕೂತಳು. "ಹಿಂದಕ ಹೊಳ್ಳಸು. ಹಗ್ಗಕ್ಕ ಬಾ."

ಜಯಶ್ರೀ ಹೊಳ್ಳಿಸಿದಳು. ಬಿಟ್ಟ ಪುಟ ಸಿಗಲೊಲ್ಲದು. ಸಿಕ್ಕಿತು. ಮೊದಲ ಸಾಲಿಗೆ ದನಿ ಒಡೆಯಿತು, ಎರಡನೆಯದಕ್ಕೆ ನೆಟ್ಟಗಾಯಿತು, ಆಮೇಲೆ ತಾನು ಓದುತ್ತಿದ್ದೇನೆ ಎಂಬುದೇ ಅವಳಿಗೆ ಮರೆಯಿತು. ಹಗ್ಗದ ಎಳೆಗಳು ಹರಿಯುತ್ತಿದ್ದವು. ಬೆನ್ನ ಮೇಲಿನ ಮುದುಕಿಯೋ, "ಜೋರು ಹತ್ತೋ ಹೇಡಿ, ನಿನ್ನನ್ನು ತಾಯಿಯ ಹೊಟ್ಟೆಯಿಂದ ಹೊರಗೆ ಎಳೆದವಳೂ ನಾನೇ," ಎಂದು ಬೀರನ ಕಿವಿಯಲ್ಲಿ ಬೈಯುತ್ತಿದ್ದಳು. ಕೇಳುವವರೆಲ್ಲ ಗೊಳ್ಳೆಂದು ನಕ್ಕರು, ಮರುಗಳಿಗೆ ಕೆಳಗಿನ ಕಾವಲಿನವನು ದೊಂದಿ ಎತ್ತಿ ಬಂಡೆಯತ್ತ ನೋಡಿದಾಗ ಒಬ್ಬರೂ ಉಸಿರು ಬಿಡಲಿಲ್ಲ.

"ನೋಡಿದ್ನೇನ?" ಮರೆವ್ವ ಪಿಸುಗುಟ್ಟಿದಳು.

"ತಡೀ ಅತ್ತಿ!" ಎಂದು ಗದರಿದಳು ಜಯಶ್ರೀ. ಅತ್ತೆಗೆ ಗದರಿದ್ದು ಜನ್ಮದಲ್ಲೇ ಮೊದಲು. ಅದು ಇಬ್ಬರಿಗೂ ಗೊತ್ತಾಗಲಿಲ್ಲ.

ಗೇಟಿಗೆ ಹೋಗಿದ್ದವರು ನಗೆ ಕೇಳಿ ಹೊಳ್ಳಿ ಬಂದು ಬಾಗಿಲಲ್ಲಿ ನಿಂತಿದ್ದರು, ಕಾಲಲ್ಲಿ ಚಪ್ಪಲಿ ಹಾಗೇ ಇತ್ತು. ರಾಯರು ಅವರ ಸಂದಿಯಿಂದ ಕತ್ತು ಚಾಚಿ ಕೇಳುತ್ತಿದ್ದರು. ಬೀರನ ಕೈ ಬಂಡೆಯ ಅಂಚಿಗೆ ಸಿಕ್ಕಾಗ ಅಫ್ಸರ ಸರ್, "ಭಲೇ ಬೀರ್ಯಾ!" ಎಂದು ಕುರ್ಚಿಯಿಂದ ಎದ್ದೇ ಬಿಟ್ಟರು. ವಿಮಲಾಬಾಯಿ ಯಾವಾಗಲೋ ಬಂದು ಮರೆವ್ವನ ಪಕ್ಕ ನೆಲಕ್ಕೆ ಕೂತು ಅವಳ ತೋಳು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಸೂಲಗಿತ್ತಿ ಒಳಗೆ ಬಂದಳು, ಈ ಸಲ ಸರಿಯಾದ ದಾರಿಯಿಂದ. ಬಾಚಲೆಯ ನೆತ್ತಿಯ ಮೇಲೆ ಕೈ ಇಟ್ಟಳು. ಎಣ್ಣೆ ಬೇಡಿದಳು, ಬಿಸಿನೀರು ಬೇಡಿದಳು. ಅಡ್ಡ ತಿರುಗಿದ ಕೂಸನ್ನು ಮೆಲ್ಲಗೆ ತಿರುಗಿಸಿದಳು. ಕೂಸು ಹೊರಗೆ ಬಂತು.

ಅಳಲಿಲ್ಲ.

ಹಾಳಾದ ಕಾದಂಬರಿಕಾರ, ಅಲ್ಲಿಯೂ ಅರ್ಧ ಪುಟ ದೀಪದ ಕುಡಿಯ ಬಗ್ಗೆ ಬರೆದಿದ್ದ. ಜಯಶ್ರೀ ಒಂದಕ್ಷರ ಬಿಡಲಿಲ್ಲ. ಕಣ್ಣು ಮಂಜಾಗಿ ಸಾಲು ಒಂದರ ಮೇಲೊಂದು ಬರುತ್ತಿದ್ದವು. ಸೂಲಗಿತ್ತಿ ಕೂಸನ್ನು ತಲೆಕೆಳಗೆ ಮಾಡಿ ಬೆನ್ನಿಗೆ ಬಡಿದಳು. ಇನ್ನೊಮ್ಮೆ ಬಡಿದಳು. ಮರೆವ್ವನ ಕೈಯೂ ತನ್ನ ತೊಡೆಯ ಮೇಲೆ ಒಮ್ಮೆ ಬಡಿಯಿತು.

"...ಆಗ ಕೋಟೆಯ ಮೌನವನ್ನು ಸೀಳಿ ಹೆಣ್ಣು ಕೂಸಿನ ಅಳು ಕೇಳಿಸಿತು."

ಒಮ್ಮೆಲೇ ಗದ್ದಲ. ಹುಡುಗರು ಕೇಕೆ ಹಾಕಿದರು. ಬಾಗಿಲಲ್ಲಿ ನಿಂತವರು ಚಪ್ಪಾಳೆ ಹೊಡೆದರು. ರಾಯರು ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿಕೊಂಡು, "ಏನ್ ಬರದಾನ್ರಿ! ಏನ್ ಬರದಾನ!" ಎಂದರು. ವಿಮಲಾಬಾಯಿ ಕಣ್ಣೊರೆಸಿಕೊಳ್ಳುತ್ತಲೇ ಎದ್ದು, ಕೂಸಿನ ಬದಲಿಗೆಂದು ಕುಂಚಿಗೆ ತೊಡಿಸಿ ಇಟ್ಟಿದ್ದ ತೆಂಗಿನಕಾಯಿಯನ್ನು ಎತ್ತಿಕೊಂಡು ತೊಟ್ಟಿಲ ಕಡೆ ನಡೆದಳು.

"ನಿಂದರ್ರಿ ಬಾಯಾರ," ಎಂದಳು ಮರೆವ್ವ. "ಈಗ ಹುಟ್ಟೇತಿ ಕೂಸು. ಇವತ್ತs ತೊಟ್ಟಲಾಗ ಹಾಕ್ತೀರೇನ? ಪುರುಡಿನ ಮೈಲಿಗಿ ಕಳೀಬ್ಯಾಡೇನ್ರಿ?"

ವಿಮಲಾಬಾಯಿ ತೆಂಗಿನಕಾಯಿ ಸಮೇತ ಅಲ್ಲೇ ನಿಂತುಬಿಟ್ಟಳು. "ಅಯ್ಯ ನನ ಶಿವನ! ಹೌದಲ್ಲವಾ! ನನ್ನ ಬುದ್ಧಿ ಎಲ್ಲಿ ಹೋಗಿತ್ತು?"

"ಹದಿಮೂರ ದಿನಾ ಕಳೀಲಿ. ಆಮ್ಯಾಗ ಚಂದಂಗ ಹೆಸರಿಡೂಣು. ಈಗ ಆ ಹುಡುಗರಿಗೆ ಗುಗ್ಗರಿ ಕೊಡ್ರಿ, ಹಸದಾವು."

ಅತ್ತೆ ಸೊಸೆ ನವನಗರದ ತಮ್ಮ ಮನೆ ಮುಟ್ಟಿದಾಗ ಓಣಿಯ ದೀಪ ಹತ್ತಿದ್ದವು. ಬರುವ ರವಿವಾರದ ಬಗ್ಗೆ ಅತ್ತೆಯನ್ನು ಕೇಳುವ ಧೈರ್ಯ ಆಟೋದಲ್ಲಿ ಜಯಶ್ರೀಗೆ ಆಗಿರಲಿಲ್ಲ. ಗದ್ದಲದಲ್ಲಿ ನಕ್ಕದ್ದು ಬೇರೆ, ಮನೆಯ ಮಾತು ಬೇರೆ. ದೀಪಕ ಬಾಗಿಲಲ್ಲೇ ಕಾಯುತ್ತಿದ್ದ.

"ಎಷ್ಟೊತ್ತವ್ವಾ? ಊಟದ ಹೊತ್ತಾತು. ಏನ ನಡದಿತ್ತಲ್ಲಿ?" ಎಂದು ತಾಯಿಯ ಕೈ ಹಿಡಿದು ಮೆಟ್ಟಿಲು ಹತ್ತಿಸಲು ಬಂದ.

ಮರೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಏ, ಮುಟ್ಟಬ್ಯಾಡ. ಹಡದ ಮನ್ಯಾಗಿಂದ ಬಂದೇವಿ."

"ಯಾರ ಹಡದ್ರು?"

"ಹೆಣ್ಣ ಕೂಸು. ಭಾಳ ತ್ರಾಸ ಆಗಿತ್ತು. ತಾಯಿ ಮಗಳು ಇಬ್ಬರೂ ಅರಾಮ ಅದಾರ ಈಗ." ಅವಳು ಸೊಸೆಯ ಕಡೆ ತಿರುಗಿದಳು. "ಜಯಾ, ನೀರ ಕಾಸವಾ. ಮೈ ತೊಳಕೊಳ್ಳಾರದs ಹೆಂಗ ಒಳಗ ಹೋಗೂದು?"

ದೀಪಕ ಹೆಂಡತಿಯ ಮುಖ ನೋಡಿದ. ಜಯಶ್ರೀ ಅವನ ಕಡೆ ನೋಡದೆ ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ, ಹಂಡೆಗೆ ನೀರು ತುಂಬಿ ಒಲೆ ಹಚ್ಚಿದಳು. ಮರೆವ್ವ ಸೆರಗನ್ನು ಯಾವುದಕ್ಕೂ ತಾಕದಂತೆ ಮೈಗೆ ಒತ್ತಿ ಹಿಡಿದು, ನೀರು ಕಾಯುವ ತನಕ ಅಂಗಳದಲ್ಲಿ ನಿಂತೇ ಇದ್ದಳು.