ಕೊನೆಯ ಓಟಕ್ಕೆ ಜೊತೆಗಾರ್ತಿ

ನನ್ನ ವಾರಗಿತ್ತಿಯ ಸೊಕ್ಕು ಮುರಿಯಬೇಕು ಅಂತಲೇ ನಾನು ಓಡಲು ಕಲಿತೆ. ಬಿ.ಪಿ., ಶುಗರ್, ಮಂಡಿನೋವು ಅಂತ ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ಅದೆಲ್ಲ ಬಾಯಿಮಾತು. ಹೊಟ್ಟೆಯೊಳಗೆ ಇದ್ದದ್ದು ಬರೀ ಬೆಂಕಿ.

ಅವಳು ನನ್ನ ಗಂಡನ ಅಣ್ಣನ ಹೆಂಡತಿ. ಕಡ್ಡಿಯಂಥ ಮೈ, ದಿನಾ ಬೆಳಗ್ಗೆ ಬಣ್ಣದ ಶೂ ಹಾಕಿಕೊಂಡು ಓಡುತ್ತಾಳೆ. ಭಾವ ಪ್ರೀತಿಯಿಂದ ಜಿಂಕೆ ಅಂತ ಕರೆಯುತ್ತಿದ್ದರು, ಮನೆಮಂದಿಯ ಬಾಯಲ್ಲೂ ಅದೇ ಹೆಸರು ನಿಂತಿತು. ನಾನು ಟೈಲರ್. ಮಷಿನ್ ಮುಂದೆ ಕೂತು ಕಂಡವರ ಸೊಂಟ ಬಿಗಿ ಮಾಡಿ ಸಡಿಲ ಮಾಡಿ, ನನ್ನ ಸೊಂಟವನ್ನು ದೇವರಿಗೆ ಬಿಟ್ಟಿದ್ದೆ. ಜಿಂಕೆ ನನಗಿಟ್ಟ ಹೆಸರು ಮೂಟೆ. ಮದುವೆಯಾಗಿ ಬಂದಾಗಿನಿಂದ ಆ ಹೆಸರಿಗೆ ಎಲ್ಲರ ಜೊತೆ ನಾನೂ ನಗುತ್ತಿದ್ದೆ.

ಅತ್ತೆ ತೀರಿಕೊಂಡ ಮೇಲೆ ಆ ನಗು ನಿಂತಿತು. ಅತ್ತೆ ಇದ್ದದ್ದು ಜಿಂಕೆಯ ಮನೆಯಲ್ಲಿ, ಕೊನೆಗೆ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ. ಒಂದು ಸಂಜೆ ಅವಳ ಫೋನ್ ಬಂತು. "ಬೇಗ ಬಾ, ಅತ್ತೆ ನಿನ್ನ ಕೇಳ್ತಿದ್ದಾರೆ." ಅರ್ಧ ಹೊಲಿದ ಬಟ್ಟೆಯನ್ನು ಸೂಜಿಯ ಕೆಳಗೇ ಬಿಟ್ಟು ಹೊರಟೆ. ಆಸ್ಪತ್ರೆಯ ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿದೆ, ತಿರುವು ಬಂದಾಗಲೆಲ್ಲ ಕಂಬಿ ಹಿಡಿದು ಏದುಸಿರು ಬಿಡುತ್ತಾ ನಿಂತೆ. ನಾನು ಒಳಗೆ ಹೋದಾಗ ನರ್ಸ್ ಅತ್ತೆಯ ಮುಖದ ಮೇಲೆ ಹೊದಿಕೆ ಎಳೆಯುತ್ತಿದ್ದಳು.

ಎಲ್ಲ ಮುಗಿದು ನೆಂಟರು ಊಟಕ್ಕೆ ಕೂತಿದ್ದಾಗ, ಜಿಂಕೆ ಲೋಟಗಳಿಗೆ ನೀರು ಹಾಕುತ್ತಾ ಎಲ್ಲರಿಗೂ ಕೇಳುವಂತೆ ಹೇಳಿದಳು. "ಪಾಪ, ಮೆಟ್ಟಿಲ ಮೇಲೆ ನಿಂತು ನಿಂತು ಸುಧಾರಿಸ್ಕೊಂಡ್ಳು. ಸ್ವಲ್ಪ ಮೈ ಇಳಿಸಿದ್ದಿದ್ರೆ ಅತ್ತೆ ಕಣ್ಣು ಮುಚ್ಚೋ ಮೊದ್ಲು ಬಂದಿರೋಳು."

ಯಾರೋ ಕಿಸಕ್ಕನೆ ನಕ್ಕರು. ನಮ್ಮನೆಯವರು ತಲೆ ತಗ್ಗಿಸಿ ಊಟ ಮುಂದುವರಿಸಿದರು.

ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ. ಅದು ಸುಳ್ಳಾಗಿದ್ದರೆ ಅಲ್ಲೇ ಜಾಡಿಸುತ್ತಿದ್ದೆ. ನಿಜ ಅಂತ ನನಗೇ ಅನ್ನಿಸಿತ್ತು, ಅದಕ್ಕೇ ಉರಿ. ನನಗೆ ಕತ್ತರಿ ಹಿಡಿಯುವುದನ್ನು ಕಲಿಸಿದವರು ಅತ್ತೆ. ಅವರು ಕೊನೆಗೆ ಕರೆದಾಗ ನನ್ನ ಈ ಹಾಳು ಮೈ ನನ್ನನ್ನು ಹೊತ್ತಿಗೆ ಸರಿಯಾಗಿ ಮೇಲೆ ತಲುಪಿಸಲಿಲ್ಲ. ಮಷಿನ್ ತುಳಿಯುವಾಗ, ಪಾತ್ರೆ ತೊಳೆಯುವಾಗ, ಅದೇ ಮೆಟ್ಟಿಲು ಮತ್ತೆ ಮತ್ತೆ ಕಣ್ಣಿಗೆ ಬರುತ್ತಿತ್ತು. ಜಿಂಕೆ ತನ್ನ ಮಾತನ್ನು ನುಂಗುವ ದಿನ ಬರಬೇಕು, ಅದನ್ನು ನಾನು ನಿಂತು ನೋಡಬೇಕು, ಇಷ್ಟೇ ನನ್ನ ಆಸೆ.

ಕೆರೆಯ ಪಕ್ಕದ ಪಾರ್ಕಿನಲ್ಲಿ ಓಡಲು ಬಾರದವರಿಗೆ ಓಟ ಕಲಿಸುತ್ತಿದ್ದರು. ಒಂಬತ್ತು ವಾರದ ಪಾಠ, ಕೊನೆಗೆ ಐದು ಕಿಲೋಮೀಟರ್ ನಿಲ್ಲದೆ ಓಡಬೇಕು. ಕಲಿಸುವವರು ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸದಾ ಸೀಟಿ ಇರುತ್ತಿದ್ದುದರಿಂದ ನಾವು ಸೀಟಿ ಮೇಷ್ಟ್ರು ಅನ್ನುತ್ತಿದ್ದೆವು. ಒಂದು ಸೀಟಿಗೆ ಓಟ, ಮತ್ತೊಂದಕ್ಕೆ ನಡಿಗೆ. ಅವರ ನಿಯಮ ಒಂದೇ, ಬಾಯಿ ಮುಚ್ಚಿ ಓಡುವ ಹಾಗಿಲ್ಲ.

"ಪಕ್ಕದವರ ಜೊತೆ ಮಾತಾಡ್ತಾ ಓಡಿ. ಮಾತು ನಿಂತ್ರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ. ಇಳಿಸಿ," ಅನ್ನುತ್ತಿದ್ದರು.

ಎಲ್ಲರೂ ಜೋಡಿ ಜೋಡಿಯಾಗಿ ಹರಟುತ್ತಾ ಮುಂದೆ ಹೋಗುತ್ತಿದ್ದರು. ನನ್ನಷ್ಟು ನಿಧಾನವಾಗಿ ಓಡುವವರು ಇನ್ನೊಬ್ಬರಿರಲಿಲ್ಲ, ಹಾಗಾಗಿ ನನಗೆ ಜೋಡಿಯೂ ಇರಲಿಲ್ಲ. ಕೊನೆಗೆ ಜಿಂಕೆಯೇ ಪಕ್ಕದಲ್ಲಿದ್ದಾಳೆ ಅಂದುಕೊಂಡು ಅವಳನ್ನು ಬೈಯಲು ಶುರುಮಾಡಿದೆ. ಮೊದಲ ವಾರ ಒಂದು ಬೈಗುಳ ಪೂರ್ತಿಯಾಗುವ ಮೊದಲೇ ಉಸಿರು ಕಟ್ಟುತ್ತಿತ್ತು. ಆಮೇಲಾಮೇಲೆ ಅವಳನ್ನು ಬೈದು ಮುಗಿಸಿ, ಅವಳ ತವರಿನವರನ್ನೂ ಒಂದು ಸುತ್ತು ವಿಚಾರಿಸಿಕೊಂಡು ಬರುವಷ್ಟು ದಮ್ಮು ಬಂತು. ನಾನು ಫೋನಿನಲ್ಲಿ ಗಂಡನ ಜೊತೆ ಜಗಳವಾಡುತ್ತಿದ್ದೇನೆ ಅಂತ ಪಾರ್ಕಿನವರೆಲ್ಲ ತಿಳಿದಿದ್ದರು.

ಎಂಟನೇ ವಾರ ಮೇಷ್ಟ್ರು ಕೊನೆಯ ಓಟದ ಪದ್ಧತಿ ಹೇಳಿದರು. ಪ್ರತಿಯೊಬ್ಬರೂ ಮೊದಲೇ ಓಡಿ ಅಭ್ಯಾಸವಿರುವ ಒಬ್ಬರನ್ನು ಜೊತೆಗೆ ಕರೆತರಬೇಕು. ಅವರು ನಮ್ಮ ಪಕ್ಕದಲ್ಲೇ ಓಡಿ ಧೈರ್ಯ ಹೇಳಬೇಕು. ಮನೆಯವರು ಓಟ ಮುಗಿಯುವ ಗೆರೆಯ ಹತ್ತಿರ ಕಾಯಬಹುದು.

ನಾನು ನೇರ ಜಿಂಕೆಯ ಮನೆಗೆ ಹೋದೆ. "ಅಕ್ಕಾ, ನೀವೇ ಜೊತೆಗೆ ಬರಬೇಕು. ನಿಮ್ಮಷ್ಟು ಚೆನ್ನಾಗಿ ಓಡೋರು ನಮ್ಮಲ್ಲಿ ಇನ್ಯಾರಿದ್ದಾರೆ?"

"ಮೂಟೆ ಉರುಳೋದನ್ನ ನೋಡೋಕಾದ್ರೂ ಬರ್ತೀನಿ," ಅಂದಳು.

ಬರುತ್ತಾಳೆ ಅಂತ ನನಗೆ ಗೊತ್ತಿತ್ತು. ಇನ್ನೊಂದು ವಿಷಯವೂ ಗೊತ್ತಿತ್ತು. ಅವಳ ಓಟ ನನ್ನ ಅಂಗಡಿಯ ಎದುರಿನ ರಸ್ತೆಯಲ್ಲೇ. ತನ್ನ ಮನೆಯ ಗೇಟಿನಿಂದ ನೀರಿನ ಟ್ಯಾಂಕಿನವರೆಗೆ ಬಾಣದಂತೆ ಹೋಗಿ, ಒಂದು ಫೋಟೋ ತೆಗೆದುಕೊಂಡು, ತಿರುಗಿ ಬರುತ್ತಾಳೆ. ಅದರಾಚೆ ಅವಳು ಓಡಿದ್ದನ್ನು ನಾನು ನೋಡಿಲ್ಲ. ಓಡುತ್ತಾ ಮಾತಾಡಿದ್ದನ್ನಂತೂ ನೋಡಿಯೇ ಇಲ್ಲ.

ಭಾನುವಾರ ಬೆಳಗ್ಗೆ ಸೀಟಿ ಊದಿದ ತಕ್ಷಣ ಜಿಂಕೆ ಚಂಗನೆ ಮುಂದೆ ಹಾರಿದಳು. ಜನ ನೋಡುತ್ತಿದ್ದರಲ್ಲ. ನಾನು ನನ್ನ ಪಾಡಿಗೆ ಹೆಜ್ಜೆ ಹಾಕಿದೆ. ಕೆರೆಯ ಏರಿ ಅರ್ಧ ಕಳೆಯುವಷ್ಟರಲ್ಲಿ ಅವಳು ನನ್ನ ಪಕ್ಕಕ್ಕೆ ಬಂದಿದ್ದಳು. ಅಂದರೆ ನಾನು ಅವಳ ಪಕ್ಕಕ್ಕೆ ಹೋಗಿದ್ದೆ. ಅವಳ ಮುಖ ಕೆಂಪಾಗಿತ್ತು. ನಿಧಾನ ಮಾಡಿದ್ದರೆ ಸಾಕಿತ್ತು, ಆದರೆ ಮೂಟೆಗಿಂತ ಒಂದು ಹೆಜ್ಜೆ ಹಿಂದೆ ಬೀಳುವುದು ಅವಳ ಜಾಯಮಾನವಲ್ಲ. ನಾನು ತುಸು ಮುಂದಾದರೆ ಅವಳೂ ಮುಂದಾಗುತ್ತಿದ್ದಳು.

ಆಗ ಮಾತು ಶುರುಮಾಡಿದೆ.

ಇಪ್ಪತ್ತು ವರ್ಷದ್ದನ್ನೂ ಬಿಡಿಸಿ ಹೇಳಿದೆ. ಮೂಟೆ ಅಂದದ್ದು, ನನ್ನ ಅಂಗಡಿಯನ್ನು ಚಿಂದಿ ಅಂಗಡಿ ಅಂದದ್ದು, ನಾನು ಕೂತ ಕುರ್ಚಿಯನ್ನು ನೆಂಟರ ಮುಂದೆ ಅಲುಗಾಡಿಸಿ ನೋಡಿದ್ದು. ಮಾತಿಗೆ ಮಾತು ಜೋಡಿಸುವುದರಲ್ಲಿ ಎತ್ತಿದ ಕೈ ಅವಳದು. ಈಗ ಬಾಯಿ ತೆರೆದರೆ ಬರೀ ಗಾಳಿ ಬರುತ್ತಿತ್ತು. ಎಂಥ ಸುಖ ಅಂತೀರಿ!

"ಮೈ ಇಳಿಸಿದ್ದಿದ್ರೆ ಬಂದಿರೋಳು ಅಂದ್ರಿ, ಎಲ್ಲರ ಮುಂದೆ," ಅಂದೆ. "ನಿಮ್ಮ ಫೋನ್ ಬಂದ ಕ್ಷಣ ನಾನು ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ ಹೊರಟಿದ್ದೆ. ಅತ್ತೆ ಕೇಳಿದ ತಕ್ಷಣ ನೀವು ಫೋನ್ ಮಾಡಿದ್ರಿ, ನಾನು ತಕ್ಷಣ ಹೊರಟೆ. ಆಮೇಲೂ ತಪ್ಪು ನಂದೇನಾ?"

ಜಿಂಕೆ ತಟಕ್ಕನೆ ಮುಖ ಕೆರೆಯ ಕಡೆ ತಿರುಗಿಸಿದಳು. ಕಾಲು ತಡವರಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ.

"ಅತ್ತೆ ನನ್ನ ಕೇಳಿದ್ದು ಯಾವಾಗ, ಅಕ್ಕ?"

ಅವಳು ನಿಂತುಬಿಟ್ಟಳು. ಮಂಡಿಯ ಮೇಲೆ ಕೈಯೂರಿ ಬಗ್ಗಿದಳು. ನಾನು ನಿಂತಲ್ಲೇ ಹೆಜ್ಜೆ ಹಾಕುತ್ತಾ ಕಾದೆ. ಸುಳ್ಳು ಕಟ್ಟುವುದಕ್ಕೂ ಉಸಿರು ಬೇಕು, ಅವಳ ಹತ್ತಿರ ಅಷ್ಟು ಉಳಿದಿರಲಿಲ್ಲ.

"ಬೆಳಗ್ಗೆ," ಅಂದಳು. "ಬೆಳಗ್ಗೆಯಿಂದ... ನಿನ್ನ ಹೆಸರೇ. ಅನ್ನ ಹಾಕಿದ್ದು ನಾನು, ಮೈ ಒರೆಸಿದ್ದು ನಾನು. ಒಂದ್ಸಲನಾದ್ರೂ... ನನ್ನ ಹೆಸರು ಕರೀಲಿ ಅಂತ ಕಾದೆ. ಕರೀಲಿಲ್ಲ."

ಕಂಬಿ ಹಿಡಿದು ನಿಂತ ಆ ಹೊತ್ತಿಗಾಗಿ ಎಷ್ಟು ತಿಂಗಳು ನನ್ನನ್ನೇ ನಾನು ಶಪಿಸಿಕೊಂಡಿದ್ದೆ. ಒಂದು ಇಡೀ ಹಗಲನ್ನು ಅವಳು ತಿಂದುಹಾಕಿದ್ದಳು. ಅವಳ ನೋವು ನನಗೆ ಅರ್ಥವಾಗಲಿಲ್ಲ ಅಂತಲ್ಲ. ಅರ್ಥವಾಯಿತು, ಕರುಣೆ ಬರಲಿಲ್ಲ.

"ನಿಮ್ಮ ಭಾವನಿಗೆ ಹೇಳ್ಬೇಡ," ಅಂದಳು.

ಉಪ್ಪು ತಿಂದವರು ನೀರು ಕುಡಿಯಲೇಬೇಕು. ನಾನು ಗೆರೆಯ ಕಡೆ ಓಡಿದೆ. ಹಿಂದಿನಿಂದ ಅವಳ ಶೂ ಸದ್ದು ಸ್ವಲ್ಪ ದೂರ ಬಂತು, ಆಮೇಲೆ ನಿಂತಿತು.

ಗೆರೆಯ ಬಳಿ ಸೀಟಿ ಮೇಷ್ಟ್ರು ಚಪ್ಪಾಳೆ ತಟ್ಟುತ್ತಿದ್ದರು. ಭಾವ, ನಮ್ಮನೆಯವರು ಇಬ್ಬರೂ ನಿಂತಿದ್ದರು. ನೀರಿನ ಬಾಟಲಿ ಚಾಚಿದರು, ನಾನು ಮುಟ್ಟಲಿಲ್ಲ. ಒಂದೇ ಉಸಿರಿನಲ್ಲಿ ಎಲ್ಲ ಹೇಳಿಬಿಟ್ಟೆ.

ಭಾವ ನನ್ನನ್ನೇ ನೋಡಿದರು. "ಬೆಳಗ್ಗೆನೇ ಫೋನ್ ಮಾಡಿದ್ಲಲ್ಲಮ್ಮ. ಅಂಗಡೀಲಿ ಕೆಲಸ ಇದೆ, ಸಂಜೆ ನೋಡ್ತೀನಿ ಅಂದ್ಯಂತೆ."

"ನಿಮಗೆ ಹಾಗೆ ಹೇಳಿದ್ದು ಯಾರು, ಭಾವ?"

ಅವರು ಜಿಂಕೆ ಬರಬೇಕಾದ ದಾರಿಯ ಕಡೆ ನೋಡುತ್ತಾ ಮೆಲ್ಲಗೆ ಕಲ್ಲುಬೆಂಚಿನ ಮೇಲೆ ಕೂತರು. ನನ್ನ ಸೇಡು ತೀರಿತ್ತು. ಆಗ ನಮ್ಮನೆಯವರ ಮುಖ ಕಂಡಿತು. ಅದರಲ್ಲಿ ಆಶ್ಚರ್ಯ ಇರಲಿಲ್ಲ.

"ನಿಮಗೂ ಹಾಗಂತ ಹೇಳಿದ್ರಾ?"

"ಅತ್ತಿಗೆ ಅವತ್ತೇ ಹೇಳಿದ್ರು."

"ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೆದಕೋದು ಯಾಕೆ ಅಂತ ಸುಮ್ನಿದ್ದೆ ಕಣೆ," ಅಂದರು ಮೆತ್ತಗೆ. "ನಾನು ಅವತ್ತೇ ನಿನ್ನ ಕ್ಷಮಿಸಿಬಿಟ್ಟಿದ್ದೆ."

ಜಿಂಕೆ ಕುಂಟುತ್ತಾ ಬರುತ್ತಿದ್ದಳು. ನಾನು ಅವಳ ಕಡೆ ನೋಡಲೂ ಇಲ್ಲ. ಇದ್ದಷ್ಟೂ ಸಿಟ್ಟು ಈಗ ನಮ್ಮನೆಯವರ ಮೇಲೆ ತಿರುಗಿತ್ತು.