ಶಮಾ ಎಂದು ಹೊಡೆದರೆ

ಇಮೇಲಿನ ವಿಳಾಸದ ಸಾಲಿನಲ್ಲಿ ರಾಜ ಎಂದು ಹೊಡೆದೊಡನೆ ಇಬ್ಬರು ಕೆಳಗಿಳಿದರು, ಹಸಿರು ವೃತ್ತದ ರಾಜಶ್ರೀ, ಕೆಂಪು ವೃತ್ತದ ರಾಜಮಹ್ಮದ, ಆ ಕೆಂಪು ಅಪ್ಪಟ ಸೆರಗಿನ ಕೆಂಪು, ಒಳಗೆ ಒಂದೇ ಬಿಳಿ ಅಕ್ಷರ, ರ — ಅಪ್ಪ ಇಲ್ಲೇನು ಮಾಡುತ್ತಿದ್ದಾನೆ, ಅಪ್ಪನಿಗೆಲ್ಲಿಯ ಇಮೇಲು, ಶಮಾ ಹಸಿರನ್ನು ಒತ್ತಿದಳು, ಬಾಗಲಕೋಟೆಯಲ್ಲಿ ಸೀರೆ ಅಂಗಡಿ ಇಟ್ಟಿರುವ ರಾಜಶ್ರೀ ಅಕ್ಕಾರು ಬರೆದಿದ್ದರು, ಆ ಗೋಮಿ ಚಿತ್ತಾರದ ದಡಿಯ ಸೀರೆ ನೇಯ್ದವರನ್ನೂ ಪತ್ರಕ್ಕೆ ಸೇರಿಸಿ, ಮುಂದಿನ ಕೆಲಸ ಅವರ ಜೊತೆಗೇ ಮಾತಾಡುತ್ತೇನೆ. ನೇಯ್ದವರು ಎಂದರೆ ಶಮಾ. ಅದಕ್ಕೇ ಶಮಾ ಎಂದು ಹೊಡೆದಳು, ಯಾರೂ ಇಳಿಯಲಿಲ್ಲ, ಇಂಗ್ಲಿಷಿನಲ್ಲಿ ಹೊಡೆದಳು, ಇಲ್ಲ, ಗೆರೆಯೊಂದು ನಿಂತು ಮಿಣುಕುತ್ತಿತ್ತು ಅಷ್ಟೇ, ಸಾಲೆಯಲ್ಲೂ ಹೀಗೇ, ಹಾಜರಿ ಕೂಗಿದಾಗ ಇವಳ ಎಸ್ ಸರ್ ಬಾಯಿಂದ ಹೊರಗೇ ಬೀಳುತ್ತಿರಲಿಲ್ಲ, ಎದುರಿಗೆ ಕೂತವಳಿಗೆ ಗೈರುಹಾಜರಿ ಬೀಳುತ್ತಿತ್ತು, ಏಳನೇ ಇಯತ್ತೆ ಓದುವಾಗ ಅಪ್ಪನ ಕೈ ನಡುಗತೊಡಗಿತು, ಸಾಲೆ ಬಿಟ್ಟು ಮಗ್ಗದ ಕುಣಿಗೆ ಕಾಲು ಇಳಿಬಿಟ್ಟಳು, ಈಗ ಮಧ್ಯಾಹ್ನ ಮೇಲೆ ಸಾವಕಾರರ ಅಂಗಡಿಯಲ್ಲಿ ಸೀರೆ ಮಡಿಚುವುದು, ಅವರು ಹೇಳಿದ್ದನ್ನು ಟೈಪು ಮಾಡುವುದು. ಏನವ್ವಾ, ಕಂಪ್ಯೂಟರ್ ಮುಂದ ಧ್ಯಾನಕ್ಕ ಕುಂತೀಯೇನು, ಗುರಲಿಂಗಪ್ಪ ಸಾವಕಾರರು ಗಾದಿಯ ಮೇಲಿಂದ, ಶಮಾ ಪಕ್ಕದ ಮೊಬೈಲ್ ಅಂಗಡಿಯ ಬೀರೇಶನನ್ನು ಕರೆದಳು. ಹೆಸರು ತಪ್ಪಿದ್ರ ಸಿಗೂದಿಲ್ಲ ಬೇ, ವಿಳಾಸ ಹುಡುಕು, ಅಂದ ಬೀರೇಶ, ಹುಡುಕಿದಳು, ಸಿಕ್ಕಿತು, ತನ್ನದೇ ವಿಳಾಸ, ಬೀರೇಶನೇ ಮಾಡಿಕೊಟ್ಟದ್ದು, ಅದರ ನೆತ್ತಿಯ ಮೇಲೆ ಮತ್ತೆ ಕೆಂಪು ವೃತ್ತ, ರ, ಅಪ್ಪನ ಹೆಸರು. ಅಯ್ಯ, ಅದರಾಗೇನೈತಿ, ಸಾವಕಾರರು ನಕ್ಕರು, ಮಗ್ಗ ಯಾರ ಮನಿದೋ ಆ ಗಂಡಸಿನ ಹೆಸರಿಲೇ ಇಟ್ಟೇನಿ ಎಲ್ಲಾರದೂ, ಇಂದ್ರವ್ವನ್ನ ಹುಡುಕು, ಆಕಿ ಗಂಡ ಬರ್ತಾನ, ನಮ್ಮಪ್ಪನ ಕಾಲದಿಂದ ಹಂಗ, ಹಾಕು, ಕಳಸು. ಹಾಕು, ಕಳಿಸು, ಆಮೇಲೆ ರಾಜಶ್ರೀ ಅಕ್ಕಾರು ನಮಸ್ಕಾರ ರಾಜಮಹ್ಮದ ಅವರೇ ಎಂದು ಬರೆಯುತ್ತಾರೆ, ಮುಂದಿನ ಸೀರೆಯೂ ಅವನದೇ, ಅದರ ಮುಂದಿನದೂ ಅವನದೇ, ಅಪ್ಪ ಮಾತ್ರ ಹೊರಸಿನ ಮೇಲೆ ಕೂತು ಆ ಗೋಮಿ ಸೀರೆಯ ಮೇಲೆ ನಡುಗುವ ಬೆರಳಾಡಿಸಿದ್ದ, ಮೈಯ ಎಳೆಯೂ ಸೆರಗಿನ ಎಳೆಯೂ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಕಡೆ ತಡೆದು ನಿಂತಿದ್ದ, ಇದು ನನ್ನ ಕೈ ಅಲ್ಲ ಬಿಬಿಜಾನ, ಹುಡುಗಿ ಕೈ, ನನಗಿಂತ ಬಿಗಿ ಐತಿ ನೋಡು, ಅವ್ವ ತಿರುಗಿಯೂ ನೋಡದೆ, ಅದಕ್ಕ ಆಕಿ ಬಾಯಿನೂ ಬಿಗಿ, ಎಂದಿದ್ದಳು — ಶಮಾ ಆ ವಿಳಾಸದ ಮೇಲಿನ ಅಪ್ಪನ ಹೆಸರನ್ನು ಅಳಿಸಿದಳು, ತನ್ನದನ್ನು ಬರೆದಳು, ಉಳಿಸಿದಳು, ಪತ್ರಕ್ಕೆ ಮರಳಿ ಶಮಾ ಎಂದು ಹೊಡೆದಳು, ಇಲ್ಲ, ರಾಜ ಎಂದರೆ ಮಾತ್ರ ಅದೇ ಕೆಂಪು, ಅದೇ ರ, ಗೂಟ ಹೊಡೆದು ಕೂತಹಾಗೆ. ಹಳೇದನ್ನ ನೆನಪಿಟ್ಟಿರತೈತಿ ಬೇ, ಎಲ್ಲಾ ಮುಚ್ಚಿ ಮತ್ತ ತಗಿ, ಬೀರೇಶ ಬಾಗಿಲಿಂದ, ಮುಚ್ಚಿದಳು, ಮತ್ತೆ ತೆಗೆದಳು, ಸಾವಕಾರರು ಗಾದಿಯಿಂದ ಎದ್ದು ಬಂದರು, ಏಯ್, ನಾ ಹೇಳಿದ್ದು ಒಂದು, ನೀ ಮಾಡೂದು ಒಂದು, ಶಮಾ ಅಂದ್ರ ಯಾರಂತ ಅವರಿಗೇನು ಗೊತ್ತೈತಿ, ಕೆಲಸಾ ಕೈ ಬಿಟ್ಟು ಹೋದ್ರ, ಇಷ್ಟು ವರ್ಷ ಒಳಗೇ ಉಳಿದ ಎಸ್ ಸರ್ ಈಗ ಹೊರಗೆ ಬಿತ್ತು, ನೇಯ್ದಾಕಿ ನಾ ಅದೀನ್ರಿ, ಗೊತ್ತಿಲ್ಲಂದ್ರ ಇವತ್ತ ಗೊತ್ತಾಗ್ಲಿರಿ ಸಾವಕಾರ್ರ, ತನ್ನ ದನಿ ಇಷ್ಟು ದೊಡ್ಡದೇ, ಬೀರೇಶನ ಬಾಯಿ ತೆರೆದೇ ಇತ್ತು, ಸಾವಕಾರರ ಕೈ ಮೌಸಿನ ಕಡೆ ಬಂತು, ಅವಳು ಮೌಸು ಬಿಡಲಿಲ್ಲ, ಎಡಗೈಯಿಂದಲೇ ಶಮಾ ಎಂದು ಹೊಡೆದಳು, ಒಂದೊಂದೇ ಅಕ್ಷರ, ಹೆಸರು ಇಳಿಯಿತು, ಒತ್ತಿದಳು, ಕಳಿಸಿದಳು, ಬೈಗುಳ ಬರಲಿ, ಕೆಲಸ ಹೋಗಲಿ, ಕಣ್ಣು ಅಲ್ಲೇ ನಿಂತಿತು, ಅಪ್ಪನ ಅದೇ ಕೆಂಪು ವೃತ್ತ, ಒಳಗೆ ಬಿಳಿಯ ಶ, ಕೆಂಪು, ಶ —