ಅಟ್ಟದಾಚೆಯ ಸಿಗ್ನಲ್

ಬೆಳಗಿನಿಂದ ಇಂಪನಾ ಲ್ಯಾಪ್‌ಟಾಪ್ ಹಿಡಿದು ಎಷ್ಟು ಸಲ ಮೆಟ್ಟಿಲು ಹತ್ತಿ ಇಳಿದಳೋ. ಹಜಾರದಲ್ಲಿ ಇಂಟರ್ನೆಟ್ಟಿನ ಸಿಗ್ನಲ್ ತುಂಬ ಇತ್ತು. ಮಹಡಿಯ ಅವಳ ಕೋಣೆಯಲ್ಲಿ ಒಂದು ಗೆರೆಯೂ ಇಲ್ಲ. ಚಡಪಡಿಕೆಯಲ್ಲಿ ರೂಟರಿನ ಹಿಂಬದಿಯ ರೀಸೆಟ್ ಗುಂಡಿಯನ್ನೂ ಒತ್ತಿ ನೋಡಿದ್ದಳು.

ಅದು ಎರಡು ಸಾವಿರದ ಎಂಟನೇ ಇಸವಿ. ತಿಪಟೂರಿನ ಆ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಹದಿನೈದು ದಿನವಾಗಿತ್ತು. ವೈದ್ಯರು ರೆಕಾರ್ಡ್ ಮಾಡಿದ ಮಾತನ್ನು ಕೇಳಿ ಟೈಪ್ ಮಾಡುವ ಕೆಲಸಕ್ಕೆ ಅವಳು ಅರ್ಜಿ ಹಾಕಿದ್ದಳು. ಪರೀಕ್ಷೆ ಇವತ್ತು ಹನ್ನೊಂದಕ್ಕೆ, ಇಂಟರ್ನೆಟ್ಟಿನಲ್ಲೇ. ಹಜಾರದಲ್ಲಿ ಕೂರುವಂತಿರಲಿಲ್ಲ, ಅವಳ ಮಾವ ಏಕಾಂತಯ್ಯನವರ ಕೊಬ್ಬರಿ ವ್ಯಾಪಾರದ ಮಾತುಕತೆ ಅಲ್ಲಿ ದಿನವಿಡೀ ನಡೆಯುತ್ತಿತ್ತು. ಅದಕ್ಕೇ, ವೈರಿಲ್ಲದೆ ಮಹಡಿಗೂ ಇಂಟರ್ನೆಟ್ ಸಿಗಲೆಂದು, ನಿನ್ನೆಯಷ್ಟೇ ರೂಟರ್ ಕೊಂಡಿದ್ದಳು. ಕಂಪ್ಯೂಟರ್ ಅಂಗಡಿಯ ಓಬಳೇಶ್ ಗೋಡೆ ಎಷ್ಟು ದಪ್ಪ ಎಂದು ವಿಚಾರಿಸಿ, ಹಳೇ ಮಣ್ಣಿನ ಗೋಡೆ ಎಂದಾಗ ಎರಡು ಆಂಟೆನಾ ಇರುವುದನ್ನೇ ಕೊಟ್ಟಿದ್ದ. ಅಟ್ಟದ ವಿಷಯ ಅವನು ಕೇಳಲಿಲ್ಲ, ಅವಳಿಗೆ ಹೊಳೆಯಲಿಲ್ಲ.

ಒಂಬತ್ತೂವರೆಗೆ ಫೋನ್ ಮಾಡಿ ಅವನನ್ನು ಕರೆಸಿದಳು. ಮೆಟ್ಟಿಲು ಹತ್ತುತ್ತಿದ್ದವನು ಅರ್ಧದಲ್ಲೇ ನಿಂತ. ಹಜಾರಕ್ಕೂ ಅವಳ ಕೋಣೆಗೂ ನಡುವಿನ ಅಟ್ಟದಲ್ಲಿ ಎದೆಯೆತ್ತರಕ್ಕೆ ತೆಂಗಿನಕಾಯಿ ರಾಶಿ. ಹೋದ ತಿಂಗಳಷ್ಟೇ ತುಂಬಿದ್ದು.

"ಇಷ್ಟೂ ಕಾಯೊಳಗೆ ನೀರೈತಲ್ಲಕ್ಕಾ. ಸಿಗ್ನಲ್ಲೆಲ್ಲ ಅದೇ ಕುಡ್ಕಂಬುಡ್ತದೆ."

ಕಾಯಿ ಸರಿಸುವ ಮಾತೇ ಇರಲಿಲ್ಲ. ನೀರು ಇಂಗಿ ಕೊಬ್ಬರಿಯಾಗುವ ತನಕ, ಅಂದರೆ ವರ್ಷದ ಹತ್ತಿರ, ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಇಂಪನಾ ಗಡಿಯಾರ ನೋಡಿದಳು. ಕೆಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಏಕಾಂತಯ್ಯ, ಆ ಡಬ್ಬಿಯನ್ನೇ ಮೇಲಕ್ಕೆ ಒಯ್ದರೆ ಆಗದೇ ಎಂದು ಕೇಳಿದರು. ಫೋನ್ ಲೈನಿಗೆ ಸಿಕ್ಕಿಸಿದ ಮೋಡೆಮ್ ಕೆಳಗೇ ಇರಲಿ, ಉದ್ದನೆಯ ವೈರ್ ಎಳೆದರೆ ರೂಟರ್ ಮೇಲಿರಬಹುದು ಎಂದ ಓಬಳೇಶ್, ಅಂಗಡಿಗೆ ಓಡಿದ.

ಅವನು ವೈರಿನ ಸುರುಳಿ ತರುವ ಹೊತ್ತಿಗೆ ಹತ್ತೂಕಾಲು. ಏಕಾಂತಯ್ಯ ವ್ಯಾಪಾರಿಗಳನ್ನು ಜಗಲಿಗೆ ಕಳಿಸಿ, ಪಂಚೆ ಎತ್ತಿ ಕಟ್ಟಿ, ಹೊರಗೋಡೆಗೆ ಏಣಿ ಹಾಕಿ ಹತ್ತಿದರು. ಮಳೆನೀರಿನ ಪೈಪಿಗೆ ವೈರನ್ನು ತೆಂಗಿನ ಹುರಿಯಿಂದ ಬಿಗಿಯುತ್ತಾ ಅವಳ ಕಿಟಕಿಗೆ ತಲುಪಿಸಿದರು.

"ನಂಗೆ ಮೊದ್ಲೇ ಹೇಳೋದಲ್ವೇನಮ್ಮ," ಎಂದರು, ಏದುಸಿರಿನ ನಡುವೆ.

ಮೇಲೆ ತಂದಿಟ್ಟ ರೂಟರಿನ ಇಂಟರ್ನೆಟ್ ದೀಪ ಮಾತ್ರ ಕೆಂಪಗೇ ಇತ್ತು. ಬೆಳಿಗ್ಗೆ ಅವಳು ಒತ್ತಿದ ಗುಂಡಿಯಿಂದ ಒಳಗೆ ತುಂಬಿಸಿದ್ದ ಪಾಸ್‌ವರ್ಡ್ ಮುಂತಾದ ವಿವರಗಳೆಲ್ಲ ಅಳಿಸಿಹೋಗಿದ್ದವು. ಟೆಲಿಫೋನ್ ಕಚೇರಿಯವರು ಬರೆದುಕೊಟ್ಟ ಚೀಟಿ ನೋಡಿ ಪಾಸ್‌ವರ್ಡ್ ಹಾಕಿದಳು. ತಪ್ಪು. ಮತ್ತೆ ಹಾಕಿದಳು, ಮತ್ತೆ ತಪ್ಪು. ಹನ್ನೊಂದು ಹೊಡೆಯಿತು. ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ತಾನು ಒಂದು ಎಂದು ಓದಿದ್ದು ಇಂಗ್ಲಿಷಿನ ಸಣ್ಣ ಎಲ್ ಎಂದು ಕಂಡಿತು. ಈ ಸಲ ದೀಪ ಹಸಿರಾಯಿತು.

ಪರೀಕ್ಷೆಯ ಪುಟ ತೆರೆದಾಗ ಒಂದು ಗಂಟೆಯ ಅವಧಿಯಲ್ಲಿ ಒಂಬತ್ತು ನಿಮಿಷ ಕಳೆದಿತ್ತು. ಬೆವರನ್ನೂ ಒರೆಸದೆ ಹೆಡ್‌ಫೋನ್ ಹಾಕಿಕೊಂಡಳು.

ವಾರದ ನಂತರ ಉತ್ತರ ಬಂತು. ವೇಗ ಸಾಲದು, ಮೂರು ತಿಂಗಳು ಅರ್ಧ ದಿನದ ಕೆಲಸ, ಆಮೇಲೆ ನೋಡೋಣ ಎಂದಿದ್ದರು. ನಾಳೆಯಿಂದಲೇ ಶುರುವೇ ಎಂದು ಏಕಾಂತಯ್ಯ ಕೇಳಿದರು. ಸೋಮವಾರದಿಂದ ಎಂದಳು. ಅಲ್ಲಿಗೆ ಇನ್ನೂ ನಾಲ್ಕು ದಿನವಿತ್ತು. ಅಷ್ಟು ದಿನ ಹೇಗೆ ಕಳೆಯುವುದೋ ಅವಳಿಗೆ ತಿಳಿಯಲಿಲ್ಲ.